ಕಿಟಕಿ ಯಾರ ಪಾಲಿಗೆ?

ಮನೆ ಕಟ್ಟಿಸುವವನು ಮೊದಲು ಆಯ ಕೇಳುತ್ತಾನೆ. ಆಮೇಲೆ ಸಿಮೆಂಟಿನ ಬೆಲೆ ಕೇಳುತ್ತಾನೆ. ಆ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಯಾರು ಎಲ್ಲಿ ಕುಳಿತಿರುತ್ತಾರೆ, ಅವರ ಕಣ್ಣಿಗೆ ಏನು ಬೀಳುತ್ತದೆ ಎಂದು ಕೇಳುವವರು ವಿರಳ. ನಾನೂ ಕೇಳಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಹಾನಗಲ್ಲಿನ ಹೊಸ ಬಡಾವಣೆಯಲ್ಲಿ, 30 ಅಡಿ ಅಗಲ 40 ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿಸಿದೆ. ನಕಾಶೆ ಬರೆಸುವಾಗ ಮುಂದಿನ ಜಾಗವೆಲ್ಲ ಕಾರಿಗೆ ಹೋಯಿತು. ಆಗಿನ್ನೂ ಕಾರು ಕೊಂಡಿರಲಿಲ್ಲ ಎಂಬುದನ್ನು ಓದುಗರು ನಗದೆ ಕೇಳಬೇಕು. ಅವ್ವನಿಗೆ ಹಿಂದಿನ ಕೋಣೆ. ಬಚ್ಚಲು ಹತ್ತಿರ, ಗದ್ದಲವಿಲ್ಲ, ಎಲ್ಲ ಆಕೆಯ ಹಿತಕ್ಕಾಗಿಯೇ. ಕೋಣೆಗೊಂದು ಕಿಟಕಿಯೂ ಇದೆ. ಕಿಟಕಿಯಿಂದ ಮೂರಡಿ ಆಚೆಗೆ ನೆರೆಮನೆಯ ಗೋಡೆಯಿದೆ.

ವರ್ಷ ತುಂಬುವುದರೊಳಗೆ ಅವ್ವನ ಮಾತು ಕಡಿಮೆಯಾಯಿತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ನಡುರಾತ್ರಿ ಬಚ್ಚಲಿಗೆಂದು ಎದ್ದವಳು ಬಲಕ್ಕೆ ತಿರುಗಿ ಕಪಾಟಿಗೆ ಹಾಯುತ್ತಿದ್ದಳು. ಹಳೆಯ ಮನೆಯಲ್ಲಿ ಬಚ್ಚಲು ಬಲಕ್ಕಿತ್ತು. ವಯಸ್ಸಾಯಿತು ಎಂದೆವು. ನಮ್ಮ ತಪ್ಪುಗಳ ಮೇಲೆ ಹೊದಿಸಲು ವಯಸ್ಸಿನಷ್ಟು ದೊಡ್ಡ ಕಂಬಳಿ ಇನ್ನೊಂದಿಲ್ಲ.

1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಆಸ್ಪತ್ರೆಯೊಂದರ ದಾಖಲೆಗಳನ್ನು ತೆಗೆದು ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ 23 ಜನರಿಗೆ ಕಿಟಕಿಯಿಂದ ಗಿಡಮರಗಳು ಕಾಣುತ್ತಿದ್ದವು; ಇನ್ನು 23 ಜನರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನದಷ್ಟು ಮೊದಲೇ ಮನೆಗೆ ಹೋದರು. ನೋವಿಗೆ ಅವರು ಕೇಳಿದ ತೀಕ್ಷ್ಣವಾದ ಔಷಧಿಯೂ ಕಡಿಮೆ. ಇದನ್ನು ಓದಿದ ದಿನ ನಾನು ಅವ್ವನ ಕೋಣೆಗೆ ಹೋಗಿ, ಆಕೆಯ ಮಂಚದ ಮೇಲೆ ಕುಳಿತು, ಕಿಟಕಿಯಾಚೆ ನೋಡಿದೆ. ಆ ಮನೆಯಲ್ಲಿದ್ದು ಮೂರು ವರ್ಷವಾಗಿತ್ತು. ಅಲ್ಲಿ ಕುಳಿತದ್ದು ಅದೇ ಮೊದಲು.

ಕಣ್ಣಿನ ಹಿಂಪದರದಲ್ಲಿ ನೋಡುವುದಕ್ಕಲ್ಲದೆ ಹಗಲು ರಾತ್ರಿಗಳ ಲೆಕ್ಕ ಹಿಡಿಯುವುದಕ್ಕೆಂದೇ ಕೆಲವು ಜೀವಕೋಶಗಳಿವೆಯಂತೆ. ಹಗಲಿನ ಬೆಳಕು ಅವುಗಳಿಗೆ ಸಾಕಷ್ಟು ತಾಗದಿದ್ದರೆ ಮಿದುಳಿನ ಗಡಿಯಾರ ತಪ್ಪುತ್ತದೆ, ನಿದ್ದೆ ಕೆಡುತ್ತದೆ. ಇನ್ನು, ಇರುವ ಸ್ಥಳವನ್ನು ಗುರುತಿಸಿ ನಕಾಶೆಯಂತೆ ಇಟ್ಟುಕೊಳ್ಳುವ ಕೋಶಗಳೂ ಮಿದುಳಿನಲ್ಲಿವೆ. ಅವನ್ನು ಕಂಡುಹಿಡಿದ ಜಾನ್ ಓಕೀಫ್ ಹಾಗೂ ಮೋಸರ್ ದಂಪತಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವ್ವ ಕತ್ತಲೆಯಲ್ಲಿ ಬಲಕ್ಕೆ ತಿರುಗಿದ್ದು ಮರೆವಿನಿಂದಲ್ಲ, ನೆನಪಿನಿಂದ ಎಂದು ಈಗ ನನಗೆ ಅನಿಸುತ್ತದೆ. ನಾವು ಕೆಡವಿದ ಮನೆ ಆಕೆಯ ತಲೆಯೊಳಗೆ ಇನ್ನೂ ನಿಂತಿತ್ತು.

ಹಾಗೆಂದು ಹಳೆಯ ಮನೆಯನ್ನು ಹೊಗಳಲು ನಾನು ಹೊರಟಿಲ್ಲ. ಮುಂದೆ ಕಟ್ಟೆ, ಪಡಸಾಲೆ, ಗಾಳಿ, ಬೆಳಕು, ಹಾದುಹೋಗುವವರ ಮಾತು. ಇವೆಲ್ಲ ಗಂಡಸರ ಪಾಲಿಗೆ. ಒಳಗೆ ಅಡಿಗೆಮನೆಯಲ್ಲಿ ಒಂದು ಬೆಳಕಿಂಡಿ, ಉಳಿದದ್ದು ಹೊಗೆ. ಅಲ್ಲಿ ಅವ್ವ ಮೂವತ್ತು ವರ್ಷ ಒಲೆ ಊದಿದಳು. ಕೆಲಸ ತೀರಿದ ಸಂಜೆ ಹೊಸ್ತಿಲಿಗೆ ಬಂದು ಕೂಡುವುದಷ್ಟೇ ಆಕೆಯ ಪಾಲಿನ ಆಕಾಶ. ಹೊಸ ಮನೆಯಲ್ಲಿ ಗ್ಯಾಸು ಬಂತು, ಹೊಗೆ ಹೋಯಿತು, ಹೊಸ್ತಿಲೂ ಹೋಯಿತು.

ಮದುವೆ ಮುಂಜಿವೆಗೆಂದು ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಹೋದಾಗೆಲ್ಲ ಈಗ ನನ್ನ ಕಣ್ಣು ಮನೆಗಳ ಮುಂಭಾಗಕ್ಕೆ ಹೋಗುತ್ತದೆ. ಎಲ್ಲೆಡೆ ಒಂದೇ ನಕಾಶೆ: ಗೇಟು, ಕಾರು, ಮುಚ್ಚಿದ ಬಾಗಿಲು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಮನೆ, ದನಕರು, ಜನ ಎಲ್ಲವೂ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಮನೆಯಲ್ಲಿ ಕೆಡವಿ ಬಂದದ್ದನ್ನು ನಾವು ಅಲ್ಲಿ ಟಿಕೆಟ್ಟು ಕೊಂಡು ನೋಡುತ್ತೇವೆ.

ಕಾಲೇಜಿನ ಗೆಳೆಯರೊಬ್ಬರು ವಾದಿಸಿದರು: "ಋಷಿಗಳು ಗುಹೆಯಲ್ಲಿ ಕುಳಿತೇ ಬೆಳಕು ಕಂಡರು. ಗೋಡೆಗೆ ಮನಸ್ಸನ್ನು ಆಳುವ ಅಧಿಕಾರ ಕೊಟ್ಟರೆ ಆತ್ಮಬಲಕ್ಕೆ ಏನು ಉಳಿಯಿತು?" ಮಾತು ದೊಡ್ಡದು, ಎರಡು ದಿನ ನನ್ನನ್ನು ಕಾಡಿತು. ಕಡೆಗೆ ಹೊಳೆದ ಉತ್ತರ ಸಣ್ಣದು. ಗುಹೆಯನ್ನು ಋಷಿ ತಾನೇ ಆರಿಸಿಕೊಂಡ. ಬೇಡವಾದಾಗ ಎದ್ದು ಹೊರಗೆ ಬರಬಲ್ಲವನಾಗಿದ್ದ. ಅವ್ವನ ಗೋಡೆಯನ್ನು ಆರಿಸಿದವನು ನಾನು. ಆತ್ಮಬಲದ ಉಪದೇಶವನ್ನು ಕಿಟಕಿ ಇದ್ದವನು ಕಿಟಕಿ ಇಲ್ಲದವಳಿಗೆ ಮಾಡುವುದು ಯಾವ ಧರ್ಮ? ನಕಾಶೆಯ ಮೇಲೆ ಪೆನ್ಸಿಲ್ಲಿನಿಂದ ಎಳೆಯುವ ಒಂದು ಗೆರೆ ಮತ್ತೊಬ್ಬರ ಹತ್ತು ವರ್ಷದ ಮಧ್ಯಾಹ್ನಗಳನ್ನು ನಿರ್ಧರಿಸುತ್ತದೆ. ಅವರನ್ನು ಕೇಳದೆ ಎಳೆಯುವ ಹಕ್ಕು ನಮಗೆಲ್ಲಿಂದ ಬಂತು?

ಕಳೆದ ತಿಂಗಳು ಆಕೆಯನ್ನು ತಾರಕೇಶ್ವರ ದೇವಸ್ಥಾನಕ್ಕೆ ಕರೆದೊಯ್ದೆ. ಆ ಗುಡಿ ಕಟ್ಟಿದ ಶಿಲ್ಪಿಗೆ ಕಣ್ಣಿನ ಮರ್ಮ ತಿಳಿದಿತ್ತು. ಬಿಸಿಲಿನಿಂದ ತೆರೆದ ಮಂಟಪಕ್ಕೆ, ಅಲ್ಲಿಂದ ನಸುಗತ್ತಲಿಗೆ, ಆಮೇಲೆ ಗರ್ಭಗುಡಿಯ ಕತ್ತಲಿಗೆ ಮೆಲ್ಲಗೆ ಕೈಹಿಡಿದು ಒಯ್ಯುತ್ತಾನೆ. ಅವ್ವ ಛತ್ತಿನ ಆ ದೊಡ್ಡ ಕಮಲವನ್ನು ತಲೆಯೆತ್ತಿ ನೋಡಿದಳು. ಆಮೇಲೆ ಮಂಟಪದಲ್ಲಿ ಕುಳಿತು, ಬಂದವರನ್ನೆಲ್ಲ ಯಾವೂರು, ಯಾರ ಮಗಳು ಎಂದು ವಿಚಾರಿಸುತ್ತ ಎರಡು ತಾಸು ಕಳೆದಳು. ಆ ರಾತ್ರಿ ಎಚ್ಚರಗೊಳ್ಳದೆ ಮಲಗಿದಳು.

ಕಾರಿನ ಜಾಗದಲ್ಲಿ ಅರ್ಧ ಕಡಿದು ಕಟ್ಟೆ ಕಟ್ಟಿಸುತ್ತೇನೆಂದೆ. ಆಕೆ ಹಿಗ್ಗಲಿಲ್ಲ. "ಕಟ್ಟಿ ಕಟ್ಟಸ್ತೀ, ಛಲೋನ ಆತು. ಅಲ್ಲಿ ಕುಂತು ಯಾರನ್ನ ಮಾತಾಡಸ್ಲೆಪಾ?" ಎಂದಳು.

ಗೌಂಡಿ ಸೋಮವಾರ ಬರುತ್ತೇನೆಂದಿದ್ದಾನೆ. ಎದುರು ಮನೆಯವರ ಕಂಪೌಂಡು ಆರಡಿ ಎತ್ತರ. ಆ ಮನೆಯಲ್ಲೂ ಅವ್ವನ ವಾರಗೆಯ ಒಬ್ಬ ಅಜ್ಜಿ ಇದ್ದಾಳೆಂದು ನನಗೆ ಹೋದ ವಾರವಷ್ಟೇ ಗೊತ್ತಾಯಿತು.