ಕಾಣದ ಊರಿನ ನೆರೆಯವರು



2004ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟ ಹೊರಬಂತು. ದೇಶದೇಶದ ಜನ ಅಂತರ್ಜಾಲದಲ್ಲಿ ಕೂಡಿ ಆಡುವ ಆಟವಿದು. ಆಡುತ್ತಾ ಆಡುತ್ತಾ ಅವರು ತಮ್ಮತಮ್ಮ ಬಳಗಗಳನ್ನು ಕಟ್ಟಿಕೊಂಡರು.

ಇಂಥ ಒಂದು ಬಳಗದಲ್ಲಿ ನಾರ್ವೆ ದೇಶದ ಯುವಕನೊಬ್ಬನಿದ್ದ. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ಅವನು 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಗೆಳೆಯರಿಲ್ಲದೆ ಬಾಳಿದನಲ್ಲಾ ಎಂದು ಹೆತ್ತವರು ಕೊರಗಿದರು. ಸಾವಿನ ಸುದ್ದಿ ಹಬ್ಬಿದೊಡನೆ ಹಲವು ದೇಶಗಳಿಂದ ಇ-ಮೇಲ್‌ಗಳು ಬಂದವು. ಆಟಿಸಂ ಇದ್ದ ಮಗನ ಮನಸ್ಸನ್ನು ಮುಟ್ಟಲಾಗದೆ ನೊಂದ ತಾಯಿಯೊಬ್ಬಳಿಗೆ, ಆಟದ ಮೂಲಕವೇ ಅವನೊಡನೆ ಬೆರೆಯುವ ದಾರಿ ತೋರಿದವನು ಇವನೇ! ಬಳಗದ ಕೆಲವರು ಹೊರದೇಶಗಳಿಂದ ಅಂತ್ಯಕ್ರಿಯೆಗೂ ಬಂದರು.

ನೆರೆಯವನು ಯಾರೆಂದು ಕೇಳಿದವನಿಗೆ ಪ್ರಭು ಯೇಸು ಸದಯ ಸಮಾರಿತನ ಸಾಮತಿ ಹೇಳಿದರು. ಅಲ್ಲಿ ಪರಕೀಯನೇ ನೆರೆಯವನಾದ. ಆಟದ ಹೊತ್ತಿಗೆ ಮಿತಿ ಬೇಕು, ನಿಜ. ಆದರೆ ಗದರುವ ಮುನ್ನ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ಅಲ್ಲಿ ಯಾರೊಡನೆ ಆಡುತ್ತಾರೆ, ಯಾರ ಕಷ್ಟಸುಖ ಕೇಳುತ್ತಾರೆ, ತಮ್ಮ ದುಃಖವನ್ನು ಯಾರಿಗೆ ಹೇಳುತ್ತಾರೆ ಎಂದು ವಿಚಾರಿಸಿ. ಶವಸಂಸ್ಕಾರದ ದಿನ ತಿಳಿಯುವುದಕ್ಕಿಂತ ಇಂದು ರಾತ್ರಿ ಊಟಕ್ಕೆ ಕುಳಿತಾಗ ತಿಳಿಯುವುದು ಲೇಸಲ್ಲವೇ?

ದೇವರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.