ಬೆನ್ನು ತಿರುಗಿಸಿ ನಿಂತ ಸಾಕ್ಷಿ

ನಮ್ಮ ಭಾಷೆಯಲ್ಲಿ ‘ಸಾಕ್ಷಿ’ ಎಂಬ ಮಾತಿಗೆ ಎರಡು ಮನೆಗಳುಂಟು. ಒಂದು ವೇದಾಂತ, ಇನ್ನೊಂದು ನ್ಯಾಯಸ್ಥಾನ. ವೇದಾಂತದ ಸಾಕ್ಷಿ ನೋಡುತ್ತಾನೆ, ಆದರೆ ಅಂಟಿಕೊಳ್ಳುವುದಿಲ್ಲ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು ಕುಳಿತಿವೆಯಷ್ಟೆ. ಒಂದು ಹಣ್ಣನ್ನು ತಿನ್ನುತ್ತದೆ, ಮತ್ತೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ನ್ಯಾಯಸ್ಥಾನದ ಸಾಕ್ಷಿಗೆ ಆ ಎರಡನೆಯ ಹಕ್ಕಿಯ ಸೌಕರ್ಯವಿಲ್ಲ. ಆತ ಕಂಡದ್ದನ್ನು ಹೇಳಬೇಕು. ಬಾಯಿ ಮುಚ್ಚಿಕೊಂಡರೆ ಅದೇ ಅಪರಾಧ. ಹಾಗಾದರೆ, ಬೆಳಗಿನ ಕಾಫಿಯೊಡನೆ ದೂರದೇಶದ ಯುದ್ಧವನ್ನೂ ಹಸಿವನ್ನೂ ಪತ್ರಿಕೆಯಲ್ಲಿ ಕಂಡು ಪುಟ ತಿರುವುವ ನಾವು ಯಾವ ಮನೆಗೆ ಸೇರಿದವರು? ಕಂಡ ಮಾತ್ರಕ್ಕೆ ನಮ್ಮ ಮೇಲೆ ಏನಾದರೂ ಋಣ ಬೀಳುತ್ತದೆಯೆ?

ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಊರಿದವನು ತತ್ತ್ವಜ್ಞಾನಿಯಲ್ಲ, ಒಬ್ಬ ವ್ಯಂಗ್ಯಚಿತ್ರಕಾರ: ಪ್ಯಾಲೆಸ್ಟೈನಿನ ನಾಜಿ ಅಲ್-ಅಲಿ. ಗೆಲಿಲಿ ಪ್ರಾಂತದ ಅಲ್-ಶಜರಾ ಎಂಬ ಹಳ್ಳಿ ಆತನ ಹುಟ್ಟೂರು. 1948ರಲ್ಲಿ, ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ, ಮನೆಯವರೊಡನೆ ಊರು ಬಿಟ್ಟು ಲೆಬನಾನಿನ ಐನ್ ಅಲ್-ಹಿಲ್ವೆ ನಿರಾಶ್ರಿತರ ಶಿಬಿರವನ್ನು ಸೇರಬೇಕಾಯಿತು. ಶಿಬಿರದ ಗೋಡೆ, ಆಮೇಲೆ ಸೆರೆಮನೆಯ ಗೋಡೆ, ಇವೇ ಆತನ ಮೊದಲ ಹಾಳೆಗಳು. ಕಥೆಗಾರ ಘಸ್ಸಾನ್ ಕನಫಾನಿ ಆ ಚಿತ್ರಗಳನ್ನು ಕಂಡು ಮೆಚ್ಚಿ 1961ರಲ್ಲಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಮುಂದೆ ಕುವೈತ್, ಬೇರೂತ್, ಲಂಡನ್ ನಗರಗಳ ಪತ್ರಿಕೆಗಳಿಗಾಗಿ ನಾಜಿ ಬರೆದ ಚಿತ್ರಗಳು ಸಾವಿರಾರು.

ಅವುಗಳಲ್ಲೆಲ್ಲ ನೆನಪಿನಲ್ಲಿ ನಿಲ್ಲುವವನು ಹಂದಲಾ ಎಂಬ ಪುಟ್ಟ ಹುಡುಗ. 1969ರಲ್ಲಿ ಕುವೈತಿನ ‘ಅಲ್-ಸಿಯಾಸಾ’ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ. ತೇಪೆ ಹಾಕಿದ ಬಟ್ಟೆ, ಬರಿಗಾಲು, ಮುಳ್ಳುಗಳಂತೆ ನೆಟ್ಟಗೆ ನಿಂತ ನಾಲ್ಕಾರು ಕೂದಲು. ಹೆಸರು ಬಂದದ್ದು ‘ಹಂಝಲ್’ ಎಂಬ ಗಿಡದಿಂದ. ನಮ್ಮವರು ಅದನ್ನು ಹಾವುಮೆಕ್ಕೆ ಎನ್ನುತ್ತಾರೆ. ಹೊರಗೆ ಅಂದ, ಒಳಗೆ ಕಹಿ ಎನ್ನುವುದಕ್ಕೆ ನಮ್ಮಲ್ಲಿ ಹಾವುಮೆಕ್ಕೆ ಕಾಯಿಯ ಹೋಲಿಕೆಯುಂಟು. ಈ ಹುಡುಗನಲ್ಲಿ ಹೊರಗಿನ ಅಂದವೂ ಇಲ್ಲ, ಕಹಿ ಮಾತ್ರ ಇದೆ. ಆತನಿಗೆ ಯಾವಾಗಲೂ ಹತ್ತೇ ವರ್ಷ. ಊರು ಬಿಟ್ಟಾಗ ತನಗಿದ್ದ ವಯಸ್ಸನ್ನೇ ಚಿತ್ರಕಾರ ಆತನಿಗೆ ಕೊಟ್ಟ. ಊರಿಗೆ ಮರಳಿದ ದಿನವೇ ಅವನು ಬೆಳೆಯತೊಡಗುವನೆಂದೂ ಹೇಳಿದ. 1973ರ ಯುದ್ಧದ ತರುವಾಯ ಹಂದಲಾ ನಮಗೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ. ಹೊರಗಿನವರು ಸಿದ್ಧಪಡಿಸಿ ತಂದ ಸಂಧಾನಗಳಿಗೆ ಕೈ ನೀಡುವುದಿಲ್ಲ ಎಂಬುದು ಆ ನಿಲುವಿನ ಅರ್ಥವೆಂದು ಚಿತ್ರಕಾರನೇ ತಿಳಿಸಿದ್ದುಂಟು.

ಇಲ್ಲಿ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ ನೆನಪಾಗುವುದು ಸಹಜ. ಅವನೂ ಮಾತಾಡುವುದಿಲ್ಲ, ಎಲ್ಲ ಕಡೆಯೂ ಹಾಜರಿರುತ್ತಾನೆ. ಆದರೆ ಅವನಿಗೆ ಮುಖವಿದೆ. ಆ ಬೆರಗಿನ ಕಣ್ಣುಗಳಲ್ಲಿ ನಮ್ಮನ್ನೇ ಕಂಡು, ನಮ್ಮ ಪಾಡೂ ಇದೇ ಅಲ್ಲವೆ ಎಂದು ನಕ್ಕು ಹಗುರಾಗುತ್ತೇವೆ. ಹಂದಲಾ ಈ ಹಗುರಾಗುವಿಕೆಗೆ ಎಡೆ ಕೊಡುವುದಿಲ್ಲ. ಮರುಕಕ್ಕೆ ಒಂದು ಮುಖ ಬೇಕು. ಅಳುವ ಮಗುವಿನ ಮುಖ ನೋಡಿ ಕಣ್ಣೊರೆಸಿಕೊಂಡವನಿಗೆ ತಾನೂ ಏನೋ ಮಾಡಿದೆನೆಂಬ ತೃಪ್ತಿ ಬರುತ್ತದೆ. ಮುಖವನ್ನೇ ತೋರಿಸದ ಮಗುವಿನ ಮುಂದೆ ಆ ತೃಪ್ತಿ ದೊರೆಯದು. ಆತನ ಬೆನ್ನ ಹಿಂದೆ ನಿಂತು, ಆತ ನೋಡುತ್ತಿರುವುದನ್ನೇ ನಾವೂ ನೋಡಬೇಕು. ನೋಡುಗನನ್ನು ನೋಡುವುದಲ್ಲ, ನೋಟವನ್ನು ಹಂಚಿಕೊಳ್ಳುವುದು: ಇದು ಆ ಬೆನ್ನಿನ ಉಪದೇಶವೆಂದು ನನಗೆ ತೋರುತ್ತದೆ.

“ನೋಡಿದರೆ ಏನು ಬಂತು? ಹಸಿದವನಿಗೆ ನಿಮ್ಮ ನೋಟದಿಂದ ಅನ್ನ ಸಿಕ್ಕೀತೆ?” ಎಂದು ಕೇಳುವವರಿದ್ದಾರೆ. ಈ ಆಕ್ಷೇಪ ಸುಳ್ಳಲ್ಲ. ಚಿತ್ರವೂ ಬಹುಬೇಗ ಅಲಂಕಾರವಾಗಬಲ್ಲದು. ಇಂದು ಹಂದಲಾ ಅಂಗಿಗಳ ಮೇಲೆಯೂ ಬೀಗದ ಕೈ ಗೊಂಚಲುಗಳಲ್ಲಿಯೂ ಸಿಗುತ್ತಾನೆ. ನೋಟವು ಕೆಲಸವಲ್ಲ ನಿಜ. ಆದರೆ ನೋಟ ಕೆಟ್ಟಮೇಲೆ ಕೆಲಸವೂ ಕೆಡುತ್ತದೆ. ಅನ್ಯಾಯ ಮಾಡುವವನು ಮೊದಲು ಬೇಡುವುದು ನಮ್ಮ ಸಹಾಯವನ್ನಲ್ಲ, ನಮ್ಮ ಮರೆವನ್ನು. “ಅಂಥದೇನೂ ನಡೆಯಲೇ ಇಲ್ಲ” ಎಂಬ ಮಾತಿಗೆ ತಲೆಯಾಡಿಸದಿರುವುದಕ್ಕೂ ಯಾರಾದರೂ ಬೇಕಷ್ಟೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣವಾದುದು. ಕಷ್ಟ ತನ್ನ ಜನಕ್ಕೇ ಬಂದಿರುವಾಗ ಚಿತ್ರಕಾರ ಪಕ್ಷಪಾತಿಯಾಗಲೇಬೇಕಲ್ಲ, ಪಕ್ಷಪಾತಿಯ ಸಾಕ್ಷ್ಯಕ್ಕೆ ಬೆಲೆಯೇನು? ನಾಜಿ ನಿಷ್ಪಕ್ಷಪಾತಿಯೆಂದು ನಾನು ಹೇಳಲಾರೆ. ಆತ ಎಂದೂ ಹಾಗೆ ಹೇಳಿಕೊಳ್ಳಲಿಲ್ಲ, ಶಿಬಿರದ ಬಡವರ ಕಡೆಯವನಾಗಿಯೇ ಬರೆದ. ಆದರೆ ಸಾಕ್ಷಿಯ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚುವ ಕಲ್ಲು ಬೇರೆ ಇದೆ: ತನ್ನವರ ತಪ್ಪನ್ನು ಕಂಡಾಗ ಆತ ಏನು ಮಾಡಿದ? ಇಸ್ರೇಲನ್ನೂ ಅಮೆರಿಕವನ್ನೂ ಚುಚ್ಚಿದ ಲೇಖನಿಯೇ ಅರಬ್ ಅರಸರನ್ನೂ, ಎಣ್ಣೆಯ ಹಣದಲ್ಲಿ ಕೊಬ್ಬಿದವರನ್ನೂ, ಪ್ಯಾಲೆಸ್ಟೈನಿನ ನಾಯಕರನ್ನೂ ಬಿಡಲಿಲ್ಲ. ಆ ಚಿತ್ರಗಳಲ್ಲಿ ಉಳ್ಳವರು ಕಾಲುಗಳಿಲ್ಲದ ಬೊಜ್ಜಿನ ಮುದ್ದೆಗಳು; ಬಡವ ಸಣಕಲ; ಫಾತಿಮಾ ಎಂಬ ಹೆಂಗಸು ಬಿಟ್ಟುಬಂದ ಮನೆಯ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡವಳು. ಶತ್ರುವಿನ ವಿರುದ್ಧ ಸಾಕ್ಷಿ ಹೇಳಲು ಧೈರ್ಯವೊಂದಿದ್ದರೆ ಸಾಕು. ಸ್ವಜನರ ವಿರುದ್ಧ ಹೇಳಲು ಒಂಟಿತನಕ್ಕೂ ಸಿದ್ಧನಾಗಿರಬೇಕು.

ಅದರ ಬೆಲೆಯನ್ನು ಆತ ತೆತ್ತ. 1987ರ ಜುಲೈ 22ರಂದು ಲಂಡನ್ನಿನಲ್ಲಿ, ತಾನು ಕೆಲಸ ಮಾಡುತ್ತಿದ್ದ ‘ಅಲ್-ಕಬಸ್’ ಪತ್ರಿಕೆಯ ಕಚೇರಿಯ ಹೊರಗೆ ಆತನ ಮೇಲೆ ಗುಂಡು ಹಾರಿತು. ಆಗಸ್ಟ್ 29ರಂದು ತೀರಿಕೊಂಡ. ಕೊಲ್ಲಿಸಿದವರು ಇವರೆಂದು ಒಬ್ಬೊಬ್ಬರು ಒಂದೊಂದು ಕಡೆಗೆ ಬೆರಳು ತೋರಿಸಿದರು. 30 ವರ್ಷ ಕಳೆದು, 2017ರಲ್ಲಿ, ಲಂಡನ್ ಪೊಲೀಸರು ಕಂಡವರಿದ್ದರೆ ಬಂದು ಹೇಳಿ ಎಂದು ಸಾರ್ವಜನಿಕರನ್ನು ಮತ್ತೊಮ್ಮೆ ಕೇಳಿಕೊಂಡರು. ಬಾಳೆಲ್ಲ ಸಾಕ್ಷಿ ನುಡಿದವನ ಸಾವಿಗೆ ಸಾಕ್ಷಿಗಳನ್ನು ಹುಡುಕಬೇಕಾಯಿತು.

ಹಾಗಾದರೆ ದೂರದಲ್ಲಿ ಕುಳಿತ ಓದುಗನ ಋಣವೆಷ್ಟು? ಎಲ್ಲರ ದುಃಖವನ್ನೂ ಹೊರಬೇಕೆನ್ನುವುದು ಆಗದ ಮಾತು. ಹಾಗೆ ಹೊರಲು ಹೋದವನು ಎರಡೇ ದಿನಕ್ಕೆ ಪತ್ರಿಕೆಯನ್ನು ಬದಿಗಿಟ್ಟಾನು. ಕಂಡದ್ದನ್ನು ಕಂಡಿಲ್ಲವೆನ್ನದಿರುವುದು, ದೂರದ ಅನ್ಯಾಯವನ್ನು ಅಳೆದ ಕೋಲಿನಿಂದಲೇ ನಮ್ಮ ಬೀದಿಯ, ನಮ್ಮ ಜಾತಿಯ, ನಮ್ಮ ಪಕ್ಷದ ಅನ್ಯಾಯವನ್ನೂ ಅಳೆಯುವುದು, ಇವೆರಡು ಸಾಧ್ಯ. ಎರಡನೆಯದು ಕಷ್ಟ. ಪರರಾಜ್ಯದ ದೊರೆಯನ್ನು ಬೈಯುವುದಕ್ಕೆ ನಮಗೆ ಖರ್ಚೇನೂ ಇಲ್ಲ. ಪಕ್ಕದ ಮನೆಯವರ ಎದುರು, ನಮ್ಮದೇ ಪಂಕ್ತಿಯಲ್ಲಿ ಕುಳಿತು, ಇದು ತಪ್ಪು ಎನ್ನುವಾಗ ಗಂಟಲು ಕಟ್ಟುತ್ತದೆ. ಋಣ ತೀರಬೇಕಾದದ್ದು ಅಲ್ಲಿ.