ಯಾತ್ರಿಕನ ಸಾಕ್ಷ್ಯ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಆದರೆ ದೇಶವನ್ನು ಸುತ್ತಿ ಬಂದವನು ಊರವರ ಮುಂದೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬ ವಿಷಯದಲ್ಲಿ ಆ ಗಾದೆಯು ಮೌನವಾಗಿದೆ. ಪರದೇಶವನ್ನು ಕಾಣದ ಸಾವಿರ ಜನರಿಗೆ, ಕಂಡುಬಂದ ಒಬ್ಬನ ಮಾತೇ ಆ ದೇಶವಾಗುವುದು. ಆದುದರಿಂದ ಯಾತ್ರಿಕನು ಬರಿಯ ನೋಟಕನಲ್ಲ, ಸಾಕ್ಷಿ. ಸಾಕ್ಷಿಗೆ ಒಂದು ಧರ್ಮವುಂಟು. ಆ ಧರ್ಮವು ಯಾವುದು?

ಹಾವೇರಿ ಸೀಮೆಯ ಗೃಹಸ್ಥನೊಬ್ಬನು ಚೀನ ದೇಶದ ಸಂಸ್ಕೃತಿಯನ್ನು ಅರಿಯಬೇಕೆಂದು ಹೊರಡುವನೆಂದು ಇಟ್ಟುಕೊಳ್ಳಬಹುದು. ಪೂರ್ವದಲ್ಲಿ ಚಾಂಗಾನ್ ಎನಿಸಿದ್ದ ಷಿಯಾನ್ ನಗರವನ್ನು ಅವನು ನೋಡುವನು. ಲೊಯಾಂಗ್ ನಗರದ ಸಮೀಪದಲ್ಲಿ ನದಿಯ ದಡದ ಬಂಡೆಗಳನ್ನು ಕೊರೆದು ಮಾಡಿದ ಲಾಂಗ್‌ಮೆನ್ ಬುದ್ಧಪ್ರತಿಮೆಗಳನ್ನು ನೋಡುವನು. ಶಿಲೆಶಿಲೆಯ ಮೇಲೂ ಅಕ್ಷರಗಳನ್ನು ಕೆತ್ತಿರುವ ತೈಷಾನ್ ಪರ್ವತವನ್ನು ಏರುವನು. ಗ್ವಿಲಿನ್ ಪ್ರಾಂತದಲ್ಲಿ ಲಿ ನದಿಯ ಇಕ್ಕೆಲದ ಗುಡ್ಡಗಳನ್ನು ಕಂಡು ಬೆರಗಾಗುವನು. ಇವೆಲ್ಲವನ್ನೂ ಹತ್ತು ಹದಿನೈದು ದಿನಗಳಲ್ಲಿ ನೋಡಿ ಮುಗಿಸಬಹುದು. ಆದರೆ ಅಷ್ಟು ದಿನಗಳಲ್ಲಿ ಒಂದು ಜನಾಂಗವನ್ನು ಕುರಿತು ತೀರ್ಪು ಕೊಡಬಹುದೆ? 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಯಿತು. ಅದರ ಕಹಿ ಇನ್ನೂ ಪೂರ್ತಿ ಅಳಿದಿಲ್ಲ. ಇಂತಹ ಸ್ಥಿತಿಯಲ್ಲಿ ಹಿಂದುಮುಂದಿಲ್ಲದೆ ಆಡಿದ ಒಂದು ಮಾತು ದ್ವೇಷಕ್ಕೂ ಆಧಾರವಾಗಬಹುದು, ಕುರುಡು ಮೆಚ್ಚುಗೆಗೂ ಆಧಾರವಾಗಬಹುದು.

ಈ ಪ್ರಶ್ನೆಗೆ ಉತ್ತಮ ನಿದರ್ಶನವು ಚೀನದಿಂದಲೇ ದೊರೆಯುವುದು. ಏಳನೆಯ ಶತಮಾನದಲ್ಲಿ ಹ್ಯುಯೆನ್ ತ್ಸಾಂಗನು ಮರುಭೂಮಿ ಪರ್ವತಗಳನ್ನು ದಾಟಿ ಭರತಖಂಡಕ್ಕೆ ಬಂದನು. ನಾಲಂದದಲ್ಲಿ ಶಾಸ್ತ್ರಾಭ್ಯಾಸ ಮಾಡಿದನು. ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಸಂದರ್ಶಿಸಿದನು. ಅಲ್ಲಿಯ ಜನರು ಉಪಕಾರಿಗೆ ಕೃತಜ್ಞರು, ಅಪಕಾರಿಗೆ ಕಠೋರರು ಎಂದು ಬರೆದನು. ಯುದ್ಧಕ್ಕೆ ಮುನ್ನ ಯೋಧರೂ ಆನೆಗಳೂ ಮದ್ಯದಿಂದ ಮತ್ತವಾಗುತ್ತಿದ್ದುದನ್ನೂ ಮರೆಮಾಚಲಿಲ್ಲ. ಇನ್ನೂ ದೊಡ್ಡ ವಿಷಯವೊಂದುಂಟು. ಕನೋಜದ ಹರ್ಷವರ್ಧನನು ಅವನಿಗೆ ಅಪಾರ ಮರ್ಯಾದೆ ಮಾಡಿದ್ದನು. ಆ ಹರ್ಷನು ಪುಲಕೇಶಿಯನ್ನು ಗೆಲ್ಲಲಾರದೆ ಹೋದನೆಂಬುದನ್ನು ಹ್ಯುಯೆನ್ ತ್ಸಾಂಗನು ತನ್ನ ಗ್ರಂಥದಲ್ಲಿ ಬರೆದಿಟ್ಟನು. ಹರ್ಷನ ಸೋಲನ್ನು ಕ್ರಿ.ಶ. 634ರ ಐಹೊಳೆಯ ಶಾಸನವೂ ಹೇಳುತ್ತದೆ. ಆದರೆ ಅದು ಗೆದ್ದವನ ಕಡೆಯ ಮಾತು. ಸೋತವನ ಅನ್ನವನ್ನುಂಡ ಪರದೇಶಿಯ ಮಾತು ಅದಕ್ಕೆ ಸೇರಿದುದರಿಂದ ಆ ಸಂಗತಿಗೆ ಬಲ ಬಂದಿತು. ಅನ್ನದ ಋಣವನ್ನು ಸುಳ್ಳಿನಿಂದ ತೀರಿಸದೆ ಇರುವುದೇ ಸಾಕ್ಷಿಯ ಮೊದಲನೆಯ ಧರ್ಮ. ಅವನೂ ಮನುಷ್ಯನೇ; ಬೌದ್ಧವಿಹಾರಗಳ ಕಡೆಗೆ ಅವನ ಕಣ್ಣು ಹೆಚ್ಚಾಗಿ ಹರಿಯಿತು. ಆದರೂ ಕಂಡುದನ್ನು ಮುಚ್ಚಲಿಲ್ಲ. 645ರಲ್ಲಿ ಸ್ವದೇಶಕ್ಕೆ ಮರಳಿ, ಕೊಂಡೊಯ್ದ ಗ್ರಂಥಗಳನ್ನು ಭಾಷಾಂತರಿಸುತ್ತ 664ರಲ್ಲಿ ತೀರಿಕೊಂಡನು. ಆ ಗ್ರಂಥಗಳ ರಕ್ಷಣೆಗಾಗಿ 652ರಲ್ಲಿ ಕಟ್ಟಿದ ಗೋಪುರವು ಷಿಯಾನ್ ನಗರದಲ್ಲಿ ಇಂದಿಗೂ ನಿಂತಿದೆ.

ಅಂತಹ ಮಹಾಪುರುಷನ ವಿದ್ಯೆಯೂ ವಿರಾಮವೂ ಸಾಮಾನ್ಯ ಗೃಹಸ್ಥನಿಗೆ ಎಲ್ಲಿಂದ ಬರಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಆದರೆ ಸ್ವಲ್ಪ ನೋಡುವುದು ದೋಷವಲ್ಲ. ಸ್ವಲ್ಪ ನೋಡಿ ಬಹಳ ಹೇಳುವುದು ದೋಷ. ಇದನ್ನು ತಿಳಿಯಲು ಚೀನದ ಯಾತ್ರಿಕನೊಬ್ಬನು ಹಾವೇರಿ ಸೀಮೆಗೆ ಬಂದನೆಂದು ಭಾವಿಸಿದರೆ ಸಾಕು. ಅವನು ಹಾವೇರಿಯ ಪುರಸಿದ್ಧೇಶ್ವರ ದೇವಾಲಯವು ಪಶ್ಚಿಮಾಭಿಮುಖವಾಗಿರುವುದನ್ನು ನೋಡಿ, ದೇಗುಲಗಳು ಪೂರ್ವಕ್ಕೇ ಇರಬೇಕೆಂದು ಎಲ್ಲಿಯೋ ಓದಿದ್ದುದರಿಂದ, ಕಟ್ಟಿದವರು ತಪ್ಪಿದರೆಂದು ಬರೆದಾನು. ರಾಣೇಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳಿಗಾಗಿ ಕಾಯ್ದಿಟ್ಟ ಅಭಯಾರಣ್ಯವುಂಟು. ಒಂದು ಬೆಳಿಗ್ಗೆ ಸುತ್ತಿ, ಮೃಗವು ಕಣ್ಣಿಗೆ ಬೀಳದಿದ್ದರೆ, ಅಲ್ಲಿ ಮೃಗವೇ ಇಲ್ಲವೆಂದು ಬರೆದಾನು. ಬ್ಯಾಡಗಿಯ ಪೇಟೆಯಲ್ಲಿ ಕೆಂಡದಂತೆ ಹರಡಿದ ಮೆಣಸಿನಕಾಯಿಯ ರಾಶಿಗಳನ್ನು ಕಂಡು, ಇಲ್ಲಿಯ ಜನರು ಬೆಂಕಿಯನ್ನೇ ಉಣ್ಣುವರೆಂದು ಬರೆದಾನು. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದುದು, ಖಾರ ಅದರಲ್ಲಿ ಕಡಿಮೆ ಎಂಬುದನ್ನು ಅಲ್ಲಿಯ ಯಾವ ಗೃಹಿಣಿಯಾದರೂ ಹೇಳಬಲ್ಲಳು. ಅವನು ಕೇಳಲಿಲ್ಲ.

ತನ್ನ ಅಳತೆಗೋಲಿನಿಂದ ಪರರನ್ನು ಅಳೆಯುವುದು, ಕಾಣದುದನ್ನು ಇಲ್ಲವೆನ್ನುವುದು, ಬಣ್ಣವನ್ನು ಕಂಡು ರುಚಿಯನ್ನು ಹೇಳುವುದು: ಸಾಕ್ಷ್ಯವು ಕೆಡುವುದು ಈ ಮೂರರಿಂದ. ಆ ಪರದೇಶಿಯ ಬರವಣಿಗೆಯಿಂದ ಹಾವೇರಿಯವನಿಗೆ ಎಷ್ಟು ನೋವಾಗುವುದೋ, ಇವನ ಮಾತಿನಿಂದ ಲೊಯಾಂಗ್‌ನವನಿಗೂ ಅಷ್ಟೇ ನೋವಾಗುವುದು. ತನ್ನೂರ ಗುಡಿಯ ಶಾಸನವನ್ನು ಓದಲಾರದವನು ತೈಷಾನದ ಶಿಲಾಲಿಪಿಯನ್ನು ಬರಿಯ ಗೀರೆಂದು ನಗುವುದು ತರವಲ್ಲ; ಓದಬಲ್ಲವನನ್ನು ಕೇಳುವುದರಲ್ಲಿ ನಾಚಿಕೆಯೂ ಇಲ್ಲ.

ಯಾತ್ರೆ ಮುಗಿಸಿ ಬಂದವನನ್ನು ಊರ ಕಟ್ಟೆಯ ಮೇಲೆ ಹಿರಿಯರು, "ಏನಪಾ, ಆ ಮಂದಿ ಎಂಥವರು?" ಎಂದು ಕೇಳಿಯೇ ಕೇಳುವರು. "ಆ ಮಂದಿ ಇಂಥವರು" ಎನ್ನುವುದು ಸುಲಭ, ಕೇಳುವವರಿಗೂ ಹಿತ. "ನಾ ಕಂಡ ನಾಲ್ಕು ಮಂದಿ ಇಂಥವರು, ಉಳಿದವರನ್ನು ನಾ ಕಂಡಿಲ್ಲರಿ" ಎಂದು ಹೇಳುವವನು ಕಟ್ಟೆಯವರನ್ನು ಅಷ್ಟಾಗಿ ರಂಜಿಸಲಾರನು. ಆದರೆ ತಾನು ಉಂಡ ಮನೆಗೂ ಹುಟ್ಟಿದ ಊರಿಗೂ ಅವನು ಸುಳ್ಳಾಡಿದವನಾಗುವುದಿಲ್ಲ.